ಯುದ್ಧಾಪರಾಧಿ ಬೆಂಗಳೂರಿಗೆ ಬಂದರೆ ಮೊಕದ್ದಮೆ ಹೂಡುವವರು ಯಾರು?

ಪ್ರಶ್ನೆ: ಹೊರದೇಶದ ಯುದ್ಧದಲ್ಲಿ ಸೆರೆಯಾಳುಗಳನ್ನು ಕೊಂದ ಆರೋಪವಿರುವ ಸೇನಾಧಿಕಾರಿಯೊಬ್ಬ ಬೆಂಗಳೂರಿನ ಹೋಟೆಲೊಂದರಲ್ಲಿ ತಂಗಿದ್ದಾನೆ ಎಂದುಕೊಳ್ಳಿ. ನಾನು ದೂರು ಕೊಟ್ಟರೆ ಅವನ ಮೇಲೆ ಇಲ್ಲಿ ಮೊಕದ್ದಮೆ ನಡೆಯುತ್ತದೆಯೇ?

ಉತ್ತರ: ಕಾನೂನಿದೆ, ನ್ಯಾಯಾಲಯವೂ ಇದೆ. ಆದರೆ ಮೊಕದ್ದಮೆ ಹೂಡುವ ಅಧಿಕಾರ ನಿಮಗಿಲ್ಲ.

ಯುದ್ಧದಲ್ಲಿ ಗಾಯಾಳುಗಳು, ಸೆರೆಯಾಳುಗಳು, ನಾಗರಿಕರನ್ನು ರಕ್ಷಿಸುವ 1949ರ ನಾಲ್ಕು ಜಿನೀವಾ ಒಪ್ಪಂದಗಳನ್ನು ಭಾರತ 1950ರಲ್ಲಿ ಅನುಮೋದಿಸಿತು. ಅವುಗಳಿಗೆ ಕಾನೂನಿನ ಬಲ ಕೊಡಲು ಸಂಸತ್ತು 1960ರಲ್ಲಿ ಜಿನೀವಾ ಒಪ್ಪಂದಗಳ ಕಾಯ್ದೆಯನ್ನು ಮಾಡಿತು. ಅದರ ಸೆಕ್ಷನ್ 3 ಬಲು ಬಿಗಿ. ಸೆರೆಸಿಕ್ಕ ಯೋಧ, ಗಾಯಾಳು ಸೈನಿಕ, ಆಕ್ರಮಿತ ಪ್ರದೇಶದ ನಾಗರಿಕ ಇಂಥವರನ್ನು ಬೇಕೆಂದೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಚಿತ್ರಹಿಂಸೆಯಂತಹ ಇತರ ಘೋರ ಉಲ್ಲಂಘನೆಗಳಿಗೆ 14 ವರ್ಷಗಳವರೆಗೆ ಸೆರೆವಾಸ. ಮಾಡಿದವನು ಯಾವ ದೇಶದವನಾದರೂ ಸರಿ, ಕೃತ್ಯ ಎಲ್ಲಿ ನಡೆದಿದ್ದರೂ ಸರಿ. ಅವನು ಭಾರತದಲ್ಲಿ ಎಲ್ಲಿ ಸಿಗುತ್ತಾನೋ ಅಲ್ಲಿಯೇ ಅಪರಾಧ ನಡೆದಂತೆ ಭಾವಿಸಿ ಕ್ರಮ ಜರುಗಿಸಬಹುದು ಎನ್ನುತ್ತದೆ ಸೆಕ್ಷನ್ 4. ಅಂದರೆ ನೀವು ಹೇಳಿದ ಅಧಿಕಾರಿಯ ವಿಚಾರಣೆ ನಮ್ಮ ಕೆಂಪೇಗೌಡ ರಸ್ತೆಯ ಸೆಷನ್ಸ್ ನ್ಯಾಯಾಲಯದಲ್ಲೇ ನಡೆಯಬಹುದು.

ತೊಡಕಿರುವುದು ಸೆಕ್ಷನ್ 17ರಲ್ಲಿ. ಸರ್ಕಾರವಾಗಲಿ, ಕೇಂದ್ರವು ಅಧಿಸೂಚನೆಯ ಮೂಲಕ ಹೆಸರಿಸಿದ ಸರ್ಕಾರಿ ಅಧಿಕಾರಿಯಾಗಲಿ ದೂರು ಕೊಡದ ಹೊರತು ಯಾವ ನ್ಯಾಯಾಲಯವೂ ಈ ಕಾಯ್ದೆಯಡಿ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿಲ್ಲ. ಕೊಲೆಯಾದವನ ಮಗಳೇ ಕಣ್ಣೀರಿಡುತ್ತಾ ಕಟಕಟೆಯ ಮುಂದೆ ನಿಂತರೂ ಅವಳ ಖಾಸಗಿ ದೂರು ಅಲ್ಲಿ ನಿಲ್ಲದು. ಸಾಮಾನ್ಯ ಅಪರಾಧಗಳ ವಿಷಯದಲ್ಲಿ ಹೀಗಿಲ್ಲ: ಬೇರೆ ಕಾನೂನು ಅಡ್ಡ ಬಾರದಿದ್ದರೆ ಯಾರು ಬೇಕಾದರೂ ದೂರು ಕೊಟ್ಟು ಪ್ರಕರಣಕ್ಕೆ ಚಾಲನೆ ನೀಡಬಹುದೆಂದು ಸುಪ್ರೀಂ ಕೋರ್ಟ್ 1984ರ ಅಂತುಳೆ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಅಡ್ಡ ಬರುವುದು ಈ ಕಾಯ್ದೆಯೇ. 1969ರಲ್ಲಿ ಗೋವಾದ ಪಾದ್ರಿ ಮೊಂತೇರೊ ಅವರ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್, ಒಪ್ಪಂದಗಳನ್ನು ಜಾರಿ ಮಾಡಿಸಿಕೊಳ್ಳುವ ದಾವೆಯ ಹಕ್ಕನ್ನು ಈ ಕಾಯ್ದೆ ಯಾರಿಗೂ ಕೊಡುವುದಿಲ್ಲ ಎಂದಿತು.

ಇದು ನನಗೆ ಸರಿಕಾಣುವುದಿಲ್ಲ. ನಾಲ್ಕನೆಯ ಒಪ್ಪಂದದ 146ನೇ ವಿಧಿ ಅಂಥ ಆರೋಪಿಗಳನ್ನು ಹುಡುಕಿ, ರಾಷ್ಟ್ರೀಯತೆ ನೋಡದೆ ತನ್ನ ನ್ಯಾಯಾಲಯದ ಮುಂದೆ ತರುವುದನ್ನು ಪ್ರತಿ ದೇಶದ ಕರ್ತವ್ಯವೆಂದೇ ಹೇಳುತ್ತದೆ. ಅದನ್ನು ನಾವು ಸರ್ಕಾರದ ಮರ್ಜಿಗೆ ಬಿಟ್ಟಿದ್ದೇವೆ. ವಿದೇಶಾಂಗ ನೀತಿಯ ಲೆಕ್ಕಾಚಾರ ಅಲ್ಲಿ ನುಸುಳದೇ ಇರುವುದಿಲ್ಲ. ಬ್ರಿಟನ್ ಕೂಡ 2011ರಲ್ಲಿ ಖಾಸಗಿ ವ್ಯಕ್ತಿಗಳು ಇಂಥ ಪ್ರಕರಣಗಳಲ್ಲಿ ಬಂಧನದ ವಾರಂಟ್ ಪಡೆಯಲು ಮುಖ್ಯ ಪ್ರಾಸಿಕ್ಯೂಟರ್ ಒಪ್ಪಿಗೆ ಬೇಕೆಂದಿತು. ಆದರೆ ಅಲ್ಲಿ ಒಪ್ಪಿಗೆ ಕೊಡುವವರು ಮಂತ್ರಿಯಲ್ಲ, ಪ್ರಾಸಿಕ್ಯೂಟರ್. ಜರ್ಮನಿಯ ಕೊಬ್ಲೆನ್ಜ್‌ನಲ್ಲಿ 2022ರಲ್ಲಿ ಸಿರಿಯಾದ ಮಾಜಿ ಗುಪ್ತಚರ ಅಧಿಕಾರಿಯೊಬ್ಬನಿಗೆ ಮಾನವತೆಯ ವಿರುದ್ಧದ ಅಪರಾಧಗಳಿಗಾಗಿ ಜೀವಾವಧಿ ಶಿಕ್ಷೆಯಾಯಿತು. ಆ ಮೊಕದ್ದಮೆ ನಡೆಸಿದ್ದು ಫೆಡರಲ್ ಪ್ರಾಸಿಕ್ಯೂಟರ್ ಕಚೇರಿ.

ಇನ್ನೂ ಎರಡು ಮಾತು. ಘೋರ ಉಲ್ಲಂಘನೆಯ ನಿಯಮಗಳು ದೇಶ ದೇಶಗಳ ನಡುವಿನ ಯುದ್ಧಕ್ಕೆ ಸಂಬಂಧಿಸಿದವು. ದೇಶದೊಳಗಿನ ಸಶಸ್ತ್ರ ಸಂಘರ್ಷದ ಹತ್ಯೆಗಳು ಅದರಡಿ ಬರುವುದಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನ ಎಂಬ ಒಪ್ಪಂದಕ್ಕೂ ಭಾರತ ಸೇರಿಲ್ಲ.

ನಿಮ್ಮ ಕೈಲಾಗುವುದು ಇಷ್ಟು: ಆರೋಪಿಯ ಹೆಸರು, ಹುದ್ದೆ, ಘಟನೆಯ ದಿನಾಂಕ, ಸ್ಥಳ, ಸಾಕ್ಷಿಗಳ ಹೇಳಿಕೆ, ಚಿತ್ರಗಳನ್ನು ಒಟ್ಟುಗೂಡಿಸಿ, ಸೆಕ್ಷನ್ 17ರಡಿ ದೂರು ದಾಖಲಿಸಬೇಕೆಂದು ಕೇಂದ್ರ ಗೃಹ ಸಚಿವಾಲಯಕ್ಕೂ ವಿದೇಶಾಂಗ ಸಚಿವಾಲಯಕ್ಕೂ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆದುಕೊಳ್ಳಿ. ಆರೋಪಿ ವಿಮಾನ ಹತ್ತಿದ ಮೇಲೆ ಸೆಕ್ಷನ್ 4 ಉಪಯೋಗಕ್ಕೆ ಬಾರದು.