ಎಕರೆ-ಗುಂಟೆ ಪ್ಲಗಿನ್ನಿಗೆ ಒಪ್ಪಿಗೆ ಯಾಕೆ ತಡ?

ಸಕಲೇಶಪುರದ ಕಾಫಿ ತೋಟವೊಂದರ ಗಡಿಯನ್ನು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಎಳೆದರೆ ಅಳತೆ 2.35 ಎಕರೆ ಎಂದು ಬರುತ್ತದೆ. ಅದನ್ನು 2 ಎಕರೆ 35 ಗುಂಟೆ ಎಂದು ಓದಿಕೊಂಡರೆ ಕೆಟ್ಟಿತು. ಎಕರೆಗೆ 40 ಗುಂಟೆ, ಹಾಗಾಗಿ ಅದು 2 ಎಕರೆ 14 ಗುಂಟೆ. ಈ ಲೆಕ್ಕ ಮಾಡಿಕೊಡುವ ಪ್ಲಗಿನ್ನನ್ನು, ಅಂದರೆ ತಂತ್ರಾಂಶಕ್ಕೆ ಅಂಟಿಸುವ ಪುಟ್ಟ ಜೋಡಣೆಯನ್ನು, ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಬರೆದಾನು. ಎಲ್ಲರೂ ಇಳಿಸಿಕೊಳ್ಳುವ ಅಧಿಕೃತ ಪ್ಲಗಿನ್ ಭಂಡಾರಕ್ಕೆ ಸೇರಿಸಲು ಹೊರಟಾಗ ತೊಡಕು ಶುರು.

ಬೇರು ಹಳೆಯದು. ಹಂಚುವಾಗ ಮೂಲ ಕೋಡನ್ನೂ ಕೊಡಬೇಕೆನ್ನುವ ಮುಕ್ತ ಪರವಾನಗಿ ಜಿಪಿಎಲ್. ಅದರ ಎರಡನೇ ಆವೃತ್ತಿ ಬಂದದ್ದು 1991ರಲ್ಲಿ, ಗ್ಯಾರಿ ಶೆರ್ಮನ್ ಕ್ಯೂಜಿಐಎಸ್ ಶುರು ಮಾಡಿದ್ದು 2002ರಲ್ಲಿ, ಪೈಥಾನ್ ಭಾಷೆಯಲ್ಲಿ ಬರೆದ ಪ್ಲಗಿನ್‌ಗಳಿಗೆ ಬಾಗಿಲು ತೆರೆದದ್ದು 2007ರಲ್ಲಿ. ಆಗ ಹಲವು ಲೇಖಕರು ಪ್ಲಗಿನ್ನನ್ನು ತಮ್ಮದೇ ಜಾಲತಾಣದ ವಿಳಾಸದಲ್ಲಿ ಇಡುತ್ತಿದ್ದರು. ಬೇಕಾದವರು ತಾವೇ ಸೇರಿಸಿಕೊಳ್ಳಬೇಕಿತ್ತು. ಆಮೇಲೆ ಕೇಂದ್ರ ಭಂಡಾರ ಬಂತು, ಜೊತೆಗೆ ಪರಿಶೀಲನೆಯೂ. 2013ರ 2.0 ಆವೃತ್ತಿಯಿಂದ ಪ್ಲಗಿನ್ನಿನ ಹೆಸರು, ಆವೃತ್ತಿ, ಲೇಖಕರ ವಿವರವಿರುವ ಮೆಟಾಡೇಟಾ ಕಡತ ಕಡ್ಡಾಯವಾಯಿತು. 2018ರ 3.0 ಪೈಥಾನ್ 3ಕ್ಕೆ ಹಾರಿದಾಗ ಹಳೆಯ ಪ್ಲಗಿನ್‌ಗಳು ಸಾಲಾಗಿ ಕೆಟ್ಟು ನಿಂತವು.

ಈಗ ತಡವಾಗುವುದು ಬಹುಪಾಲು ಸಣ್ಣ ಕಾರಣಕ್ಕೆ. ಜಿಪ್‌ನೊಳಗೆ (ಕಳಿಸಿಕೊಡುವ ಒತ್ತಿಟ್ಟ ಕಡತ) ಒಂದೇ ಫೋಲ್ಡರ್ ಇರಬೇಕು, ಅದರ ಹೆಸರು ಅಂಕಿಯಿಂದ ಶುರುವಾಗಬಾರದು. ಲೈಸೆನ್ಸ್ ಕಡತ ಬೇಕೇ ಬೇಕು, ಅದರ ಹೆಸರಿಗೆ ಟಿಎಕ್ಸ್‌ಟಿ ಬಾಲ ಬೇಡ. ಪೈಥಾನ್ ತಾನೇ ಸೃಷ್ಟಿಸುವ ಪೈಕ್ಯಾಶ್ ಫೋಲ್ಡರ್, ಗಿಟ್‌ನಂಥ ಅಡಗಿದ ಫೋಲ್ಡರ್‌ಗಳು ಉಳಿದರೆ ವಾಪಸ್. ತಿದ್ದಿ ಮತ್ತೆ ಕಳಿಸುವಾಗ ಆವೃತ್ತಿ ಸಂಖ್ಯೆ ಏರಿಸಲು ಮರೆಯುವವರೂ ಉಂಟು.

ಕಗ್ಗಂಟಿರುವುದು ಪರವಾನಗಿಯಲ್ಲಿ. ಪ್ಲಗಿನ್ ಕ್ಯೂಜಿಐಎಸ್‌ನ ಒಳಗೇ ಕೆಲಸ ಮಾಡುವುದರಿಂದ ಜಿಪಿಎಲ್‌ಗೆ ಹೊಂದಲೇಬೇಕು. ಅಂತರ್ಜಾಲದಲ್ಲಿ ಸಿಕ್ಕ ನಲವತ್ತು ಸಾಲು ಕೋಡಿಗೆ ಪರವಾನಗಿ ಬರೆದಿಲ್ಲವೆಂದರೆ ಅದು ಬಿಟ್ಟಿ ಎಂದಲ್ಲ, ಹಕ್ಕೆಲ್ಲ ಬರೆದವನದೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ತಂತ್ರಾಂಶವನ್ನು ಸಾಹಿತ್ಯ ಕೃತಿಯೆಂದೇ ಎಣಿಸುತ್ತದೆ. ಅಪಾಚೆ 2.0 ಎಂಬ ಇನ್ನೊಂದು ಮುಕ್ತ ಪರವಾನಗಿಯ ಕೋಡ್ ಜಿಪಿಎಲ್ 2ರ ಜೊತೆ ಕೂಡದು, 3ರ ಜೊತೆ ಕೂಡುತ್ತದೆ. ‘2 ಅಥವಾ ನಂತರದ್ದು’ ಎಂದು ಕ್ಯೂಜಿಐಎಸ್ ಬರೆದಿರುವುದು ಇಲ್ಲಿ ಕೈ ಹಿಡಿಯುತ್ತದೆ. ಐಕಾನ್‌ಗೂ, ಒಳಗೆ ತುರುಕಿದ ಗ್ರಾಮ ನಕ್ಷೆಗೂ ಪರವಾನಗಿ ಉಂಟೆಂಬುದು ಕೊನೆಗೆ ನೆನಪಾಗುತ್ತದೆ. ಕೋಡ್ ಬರೆಯುವ ಮೊದಲೇ ಇದನ್ನು ನೋಡಿಕೊಂಡರೆ ಅರ್ಧ ಗಲಾಟೆ ಇರುತ್ತಿರಲಿಲ್ಲ.

ಪರಿಶೀಲಿಸುವವರೂ ಮನುಷ್ಯರೇ. ನಂಬಿಕಸ್ಥ ಲೇಖಕರೆಂದು ಗುರುತಾದವರ ಪ್ಲಗಿನ್‌ಗಳು ನೇರವಾಗಿ ಒಪ್ಪಿಗೆ ಪಡೆಯುತ್ತವೆ, ಹೊಸಬರದು ಕಾಯುತ್ತದೆ.

ತೋಟದ ಕಚೇರಿಯೊಳಗೇ ಬಳಸುವುದಾದರೆ ಭಂಡಾರದ ಒಪ್ಪಿಗೆಯ ಗೊಡವೆ ಬೇಡ. ಹಂಚದಿದ್ದರೆ ಮೂಲ ಕೋಡ್ ಕೊಡುವ ಹಂಗೂ ಇಲ್ಲ. ಜಿಪ್‌ನಿಂದ ಸ್ಥಾಪಿಸುವ ಆಯ್ಕೆ ಪ್ಲಗಿನ್ ಮ್ಯಾನೇಜರ್‌ನಲ್ಲೇ ಇದೆ. ಆದರೆ ಹಾಗೆ ಹಾಕಿಕೊಂಡವರಿಗೆ ಹೊಸ ಆವೃತ್ತಿ ಬಂದ ಸುದ್ದಿ ಭಂಡಾರದಿಂದ ತಲುಪುವುದಿಲ್ಲ. ಪೆನ್‌ಡ್ರೈವ್ ಹಿಡಿದು ಯಾರಾದರೂ ಬರಬೇಕು.