ಉಪಗ್ರಹಕ್ಕೆ ಕಾಣದ್ದು, ಊರವರಿಗೆ ಗೊತ್ತಿರುವುದು

2010ರ ಜನವರಿ 12ರಂದು ಹೈಟಿ ದೇಶದಲ್ಲಿ 7.0 ತೀವ್ರತೆಯ ಭೂಕಂಪವಾದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ಬಹಳಷ್ಟು ಬೀದಿಗಳು ಮುಕ್ತ ಡಿಜಿಟಲ್ ನಕ್ಷೆಗಳಲ್ಲಿ ಇರಲೇ ಇಲ್ಲ. ಆಗ ಬೇರೆ ಬೇರೆ ದೇಶಗಳಲ್ಲಿದ್ದ ನೂರಾರು ಸ್ವಯಂಸೇವಕರು ಹೊಸ ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಕೂತರು. ತಾವು ಕಣ್ಣಾರೆ ಕಂಡಿರದ ಆ ನಗರದ ರಸ್ತೆ, ಕಟ್ಟಡ, ನಿರಾಶ್ರಿತರ ಬಿಡಾರಗಳನ್ನು, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಒಂದೊಂದಾಗಿ ಗುರುತಿಸಿದರು. ಕೆಲವೇ ವಾರಗಳಲ್ಲಿ ಅಲ್ಲೊಂದು ಬಳಸಬಹುದಾದ ನಕ್ಷೆ ಸಿದ್ಧವಾಯಿತು. ಪರಿಹಾರ ತಂಡಗಳು ಅದನ್ನೇ ತಮ್ಮ ಜಿಪಿಎಸ್ ಉಪಕರಣಗಳಿಗೆ ತುಂಬಿಕೊಂಡು ಓಡಾಡಿದವು.

ಈ ಘಟನೆ ಕೇಳಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ. ಆದರೂ ದೂರದಲ್ಲಿ ಕೂತು ಎಳೆದ ಗೆರೆಗಳಿಗೆ ಒಂದು ಮಿತಿ ಇದೆ. ಚಾವಣಿಯ ಕೆಳಗಿರುವುದು ಶಾಲೆಯೋ ಗೋದಾಮೋ, ಆ ಓಣಿಯನ್ನು ಜನ ಯಾವ ಹೆಸರಿನಿಂದ ಕರೆಯುತ್ತಾರೆ, ನಲ್ಲಿಯಲ್ಲಿ ನೀರು ಬರುತ್ತದೆಯೋ ಇಲ್ಲವೋ, ಇವು ಯಾವುವೂ ಆಕಾಶದಿಂದ ಕಾಣುವುದಿಲ್ಲ. ಅಲ್ಲಿ ಬಾಳುವವರಿಗೆ ಮಾತ್ರ ಗೊತ್ತು. ಜಿಯೋಸ್ಪೇಷಿಯಲ್ ತಂತ್ರಜ್ಞಾನವನ್ನು, ಅಂದರೆ ನಕ್ಷೆ, ಉಪಗ್ರಹ ಚಿತ್ರ, ಜಿಪಿಎಸ್‌ಗಳ ಬಳಕೆಯನ್ನು, ಜನರ ಬಳಿಗೆ ಒಯ್ಯಬೇಕು ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇದಕ್ಕೆ ಬೇಕಾದ ಸಾಮಗ್ರಿಗೆ ಈಗ ಬರವಿಲ್ಲ. ನಾಗರಿಕರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು ಅಮೆರಿಕ 2000ದ ಮೇ ತಿಂಗಳಲ್ಲಿ ಕೈಬಿಟ್ಟಿತು. ಭೂಮಿಯ ಚಿತ್ರಗಳನ್ನು 1972ರಿಂದ ತೆಗೆಯುತ್ತಾ ಬಂದ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಸರಣಿಯ ಭಂಡಾರ 2008ರಲ್ಲಿ ಎಲ್ಲರಿಗೂ ಉಚಿತವಾಯಿತು. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳು 10 ಮೀಟರ್ ಸ್ಪಷ್ಟತೆಯ (ಅಂದರೆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಅಗಲದ) ಚಿತ್ರಗಳನ್ನು ಸುಮಾರು ಐದು ದಿನಕ್ಕೊಮ್ಮೆ ಕೊಡುತ್ತವೆ. ಇವನ್ನೆಲ್ಲ ತೆರೆದು ನೋಡಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶವಿದೆ. ಕೊರತೆ ಇರುವುದು ಈ ರಾಶಿಯ ಎದುರು ಕೂತು ಸರಿಯಾದ ಪ್ರಶ್ನೆ ಕೇಳಬಲ್ಲವರದು.

ಅಂಥವರನ್ನು ತಯಾರು ಮಾಡುವ ತರಬೇತಿಗಳು ಹೆಚ್ಚಾಗಿ ಎಡವುವುದು ಮೊದಲ ಗಂಟೆಯಲ್ಲೇ. ಪರದೆಯ ಮೇಲೆ ತಂತ್ರಾಂಶದ ಮೆನು ತೆರೆದುಕೊಳ್ಳುತ್ತದೆ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ವಿವರಣೆ ಶುರುವಾಗುತ್ತದೆ, ಹಿಂದಿನ ಸಾಲಿನವರು ಕಿಟಕಿಯ ಕಡೆ ನೋಡತೊಡಗುತ್ತಾರೆ. ನನ್ನನ್ನು ಕೇಳಿದರೆ, ಕಂಪ್ಯೂಟರ್ ಮುಟ್ಟುವ ಮೊದಲು ಎಲ್ಲರನ್ನೂ ಬಯಲಿಗೆ ಕರೆದುಕೊಂಡು ಹೋಗಬೇಕು.

ನೆಲದ ಮೇಲೆ ಸುಣ್ಣದಿಂದ ಒಂದು ಗುರುತು ಹಾಕಿ. ಪ್ರತಿಯೊಬ್ಬರೂ ಸರದಿಯಂತೆ ತಮ್ಮ ಫೋನನ್ನು ಅದೇ ಗುರುತಿನ ಮೇಲಿಟ್ಟು, ಅದು ತೋರಿಸುವ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಲಿ. ಆಮೇಲೆ ಆ ಅಂಕಿಗಳನ್ನೆಲ್ಲ ಗ್ರಾಫ್ ಹಾಳೆಯ ಮೇಲೆ ಚುಕ್ಕೆಗಳಾಗಿ ಇಡಿಸಿ. ಎಲ್ಲವೂ ಒಂದೇ ಕಡೆ ಬೀಳಬೇಕಿತ್ತು, ಆದರೆ ಹಲವು ಮೀಟರ್ ಅಗಲಕ್ಕೆ ಚೆದುರಿಕೊಂಡಿರುತ್ತವೆ. ಅದೇ ಪ್ರಯೋಗವನ್ನು ಎತ್ತರದ ಕಟ್ಟಡದ ಗೋಡೆ ಪಕ್ಕದಲ್ಲಿ ಮಾಡಿದರೆ ಚುಕ್ಕೆಗಳು ಇನ್ನೂ ದೂರ ದೂರ ಹೋಗುತ್ತವೆ.

ಏಕೆ ಹೀಗೆ ಎಂಬ ಪ್ರಶ್ನೆ ಈಗ ತಾನಾಗಿಯೇ ಏಳುತ್ತದೆ, ಭೌತವಿಜ್ಞಾನ ಹೇಳಲು ಅದೇ ಒಳ್ಳೆಯ ಗಳಿಗೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಸಂಕೇತ ಬರಲು ಹಿಡಿದ ಸಮಯವನ್ನು ಅಳೆದು ಫೋನು ದೂರವನ್ನು ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುವುದರಿಂದ, ಗಡಿಯಾರ ಕೂದಲೆಳೆಯಷ್ಟು ತಪ್ಪಿದರೂ ಸ್ಥಾನ ಜರುಗುತ್ತದೆ. ಫೋನಿನ ಗಡಿಯಾರ ಅಷ್ಟು ನಿಖರವಲ್ಲದ ಕಾರಣ ಸಮಯವನ್ನೂ ಲೆಕ್ಕದಿಂದಲೇ ಕಂಡುಹಿಡಿಯಬೇಕು, ಅದಕ್ಕಾಗಿ ಸ್ಥಾನಕ್ಕೆ ಬೇಕಾದ ಮೂರು ಉಪಗ್ರಹಗಳ ಜೊತೆಗೆ ನಾಲ್ಕನೆಯದೂ ಬೇಕು. ಗೋಡೆಯ ಪಕ್ಕದಲ್ಲಿ ಸಂಕೇತ ನೇರವಾಗಿ ಬಾರದೆ ಗೋಡೆಗೆ ಬಡಿದು ಸುತ್ತಿಕೊಂಡು ಬರುತ್ತದೆ, ದೂರ ಹೆಚ್ಚೆಂದು ಫೋನು ನಂಬುತ್ತದೆ. ಡಿಗ್ರಿಗಳಲ್ಲಿ ಬರೆದ ಅಕ್ಷಾಂಶದಲ್ಲಿ ದಶಮಾಂಶದ ಆರನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ ವ್ಯತ್ಯಾಸ ಬರೀ 11 ಸೆಂಟಿಮೀಟರ್. ಮೀಟರುಗಟ್ಟಲೆ ತಪ್ಪುವ ಫೋನು ಆ ಅಂಕಿಯನ್ನೂ ಧೈರ್ಯವಾಗಿ ತೋರಿಸುತ್ತದೆ. ಇದನ್ನು ಒಮ್ಮೆ ಕಂಡ ವಿದ್ಯಾರ್ಥಿ ಮುಂದೆ ಯಾವ ನಕ್ಷೆಯನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ.

ಇದಾದ ಮೇಲೆ ಆ ಪ್ರದೇಶದ್ದೇ ಉಪಗ್ರಹ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ನೆಲದ ಮೇಲೆ ಹಾಸಬೇಕು. ಜನ ಮೊದಲು ಹುಡುಕುವುದು ತಮ್ಮ ಮನೆಯನ್ನು. ಮನೆ ಸಿಕ್ಕಿದ ಮೇಲೆ ದಿಕ್ಕು, ಅಳತೆ ಎಲ್ಲವೂ ಅವರ ಹಿಡಿತಕ್ಕೆ ಬರುತ್ತವೆ. ಮಳೆ ಬಂದಾಗ ಯಾವ ತಿರುವಿನಲ್ಲಿ ನೀರು ನಿಲ್ಲುತ್ತದೆ, ರಾತ್ರಿ ಯಾವ ದಾರಿಯಲ್ಲಿ ಒಂಟಿಯಾಗಿ ನಡೆಯಲು ಹೆಂಗಸರು ಹಿಂಜರಿಯುತ್ತಾರೆ ಎಂದು ಕೇಳಿ, ಬಣ್ಣದ ಪೆನ್ನನ್ನು ಅವರ ಕೈಗೇ ಕೊಡಿ. ಅಲ್ಲಿಯವರೆಗೆ ಹಿಂದೆ ನಿಂತಿದ್ದವರು ಮುಂದೆ ಬಂದು ಒಬ್ಬರನ್ನೊಬ್ಬರು ತಿದ್ದತೊಡಗುತ್ತಾರೆ. ಈ ಗುರುತುಗಳೇ ಮುಂದೆ ಜಿಐಎಸ್‌ನ, ಅಂದರೆ ಸ್ಥಳದ ಮಾಹಿತಿಯನ್ನು ಒಂದರ ಮೇಲೊಂದಾಗಿ ಜೋಡಿಸುವ ಕಂಪ್ಯೂಟರ್ ನಕ್ಷೆಯ, ಪದರಗಳಾಗುತ್ತವೆ. ನೀರು ನಿಲ್ಲುವ ಜಾಗದ ಪದರದ ಮೇಲೆ ಶಾಲೆಗೆ ಹೋಗುವ ದಾರಿಯ ಪದರವನ್ನಿಟ್ಟರೆ, ಸೇತುವೆ ಎಲ್ಲಿ ಬೇಕು ಎಂಬ ವಾದಕ್ಕೆ ಆಧಾರ ಸಿಗುತ್ತದೆ.

ಕೀನ್ಯಾದ ನೈರೋಬಿಯಲ್ಲಿರುವ ಕಿಬೇರಾ ಎಂಬ ವಿಶಾಲವಾದ ಕೊಳೆಗೇರಿಯಲ್ಲಿ ಊರವರೇ ನಕ್ಷೆ ಮಾಡುವುದು ನಿಜವಾಗಿಯೂ ನಡೆಯಿತು. ಅಷ್ಟು ಜನ ವಾಸಿಸುವ ಆ ಜಾಗ ಸಾರ್ವಜನಿಕ ನಕ್ಷೆಗಳಲ್ಲಿ ಬಹುತೇಕ ಖಾಲಿಯಾಗಿತ್ತು. 2009ರಲ್ಲಿ ಅಲ್ಲಿನ ಯುವಕ ಯುವತಿಯರೇ ಜಿಪಿಎಸ್ ಹಿಡಿದು ಓಣಿ ಓಣಿ ನಡೆದು ನೀರಿನ ತಾಣ, ಶೌಚಾಲಯ, ಚಿಕಿತ್ಸಾಲಯ, ಶಾಲೆಗಳನ್ನು ನಕ್ಷೆಗೆ ಸೇರಿಸಿದರು. ಹೊರಗಿನವರು ಕಲಿಸಿದ್ದು ಉಪಕರಣ ಬಳಸುವುದನ್ನು. ಏನನ್ನು ಗುರುತಿಸಬೇಕು ಎಂಬ ತಿಳಿವಳಿಕೆ ಆ ಓಣಿಗಳದ್ದೇ.

ಎಲ್ಲವನ್ನೂ ಗುರುತಿಸಬೇಕೆಂದೇನಿಲ್ಲ ಎನ್ನುವುದನ್ನೂ ಕಲಿಸಬೇಕು. ವ್ಯಾಯಾಮದ ಆ್ಯಪ್ ಸ್ಟ್ರಾವಾ ಪ್ರಕಟಿಸಿದ್ದ ಓಟದ ಜಾಡುಗಳ ನಕ್ಷೆಯಿಂದ ಸೇನಾ ನೆಲೆಗಳ ಆಕಾರವೇ ಬಯಲಾಗಿದ್ದು 2018ರ ಜನವರಿಯಲ್ಲಿ ಸುದ್ದಿಯಾಯಿತು. ಅಪರೂಪದ ಪ್ರಾಣಿಯ ನೆಲೆ, ಹಿಂಸೆಯಿಂದ ತಪ್ಪಿಸಿಕೊಂಡು ಬಂದವರ ಆಶ್ರಯ ತಾಣ ಇಂಥವು ನಕ್ಷೆಗೆ ಬಂದರೆ ಅಪಾಯವೇ ಹೆಚ್ಚು. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವ ಹಕ್ಕೂ ಅಲ್ಲಿ ವಾಸಿಸುವವರದೇ.

ಎಲ್ಲರೂ ಒಟ್ಟಿಗೆ ಕೂತು ನಕ್ಷೆ ಮಾಡುವ ಒಂದು ದಿನದ ಮ್ಯಾಪಥಾನ್‌ಗಳು ಉತ್ಸಾಹ ತರುತ್ತವೆ, ಬೇಡ ಎನ್ನಲಾರೆ. ಆದರೆ ಅವುಗಳ ಫಲವನ್ನು ಹಾಜರಾತಿ ಪುಸ್ತಕದಿಂದ ಅಳೆಯಬಾರದು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಪ್ರತಿ ತಿದ್ದುಪಡಿಯನ್ನೂ ಯಾವ ಖಾತೆಯಿಂದ, ಯಾವಾಗ ಮಾಡಲಾಯಿತು ಎಂಬುದು ಎಲ್ಲರಿಗೂ ಕಾಣುವಂತೆ ದಾಖಲಾಗಿರುತ್ತದೆ. ತರಬೇತಿ ಮುಗಿದು ಆರು ತಿಂಗಳಾದ ಮೇಲೆ ಆ ಪ್ರದೇಶದ ದಾಖಲೆ ತೆರೆದು ನೋಡಿ: ಕೆಟ್ಟುಹೋದ ನಲ್ಲಿಯನ್ನು ಯಾರಾದರೂ ತೆಗೆದುಹಾಕಿದ್ದಾರೆಯೇ, ಹೊಸ ಕಾಲುಹಾದಿಯೊಂದು ಸೇರಿದೆಯೇ, ಸೇರಿದ್ದರೆ ಅದನ್ನು ಸೇರಿಸಿದ್ದು ತರಬೇತಿ ಕೊಟ್ಟವರೋ ಪಡೆದವರೋ.