ಶಾಂಭವಿಯ ತೆಂಕು ದಡ, ಬಡಗು ದಡ

ಮೂಲ್ಕಿಯಿಂದ ಹೆಜಮಾಡಿಗೆ ಹೋಗುವಾಗ ಹೆದ್ದಾರಿಯ ಸೇತುವೆಯ ಕೆಳಗೆ ಹರಿಯುವುದು ಶಾಂಭವಿ ಹೊಳೆ. ತೆಂಕು ದಡ ದಕ್ಷಿಣ ಕನ್ನಡ, ಬಡಗು ದಡ ಉಡುಪಿ. 2021ರ ಜೂನ್ 14ರ ಸೋಮವಾರ ರಾಜ್ಯ ಸರ್ಕಾರ ಕೊರೊನಾ ಎರಡನೇ ಅಲೆಯ ಲಾಕ್‌ಡೌನ್ ಸಡಿಲಿಸಿತು. ಸೋಂಕು ಸಾಕಷ್ಟು ಇಳಿದಿಲ್ಲವೆಂದು 11 ಜಿಲ್ಲೆಗಳನ್ನು ಮಾತ್ರ ಹೊರಗಿಟ್ಟಿತು. ದಕ್ಷಿಣ ಕನ್ನಡ ಆ ಹನ್ನೊಂದರಲ್ಲಿತ್ತು, ಉಡುಪಿ ಇರಲಿಲ್ಲ. ರಾಜ್ಯದ ಆದೇಶದ ಪ್ರಕಾರ ಬಡಗು ದಡದ ಜಿನಸಿ ಅಂಗಡಿ ಮಧ್ಯಾಹ್ನ ಎರಡರ ತನಕ ತೆರೆಯಬಹುದು, ತೆಂಕು ದಡದ್ದು ಬೆಳಿಗ್ಗೆ ಹತ್ತಕ್ಕೇ ಮುಚ್ಚಬೇಕು. ವಾರ ಕಳೆದು ಜೂನ್ 21ಕ್ಕೆ ಹೊಸ ಪಟ್ಟಿ ಬಂತು. ಆಗ ಎರಡೂ ಜಿಲ್ಲೆಗಳು ಒಂದೇ ಸಾಲಿನಲ್ಲಿದ್ದವು, ಪಾಸಿಟಿವಿಟಿ ಶೇ. 5ಕ್ಕಿಂತ ಹೆಚ್ಚಿರುವ ಜಿಲ್ಲೆಗಳ ಸಾಲಿನಲ್ಲಿ.

ಹೊಳೆ ದಾಟಿದರೆ ಕಾಯಿಲೆ ಬೇರೆಯಾಗುತ್ತದೆಯೇ ಎಂದು ಜನ ಕೇಳಿದ್ದು ಸಹಜ. ಆ ಸಿಟ್ಟನ್ನು ಬೇಜವಾಬ್ದಾರಿ ಎಂದು ತಳ್ಳಿಹಾಕಿದವರು ಬಹಳ. ಅದು ತಪ್ಪು. ಅಂಗಡಿಯ ಬಾಗಿಲು ತೆರೆಯಬೇಕೋ ಬೇಡವೋ ಎಂದು ತೀರ್ಮಾನಿಸುವ ಒಂದು ಸಂಖ್ಯೆ ಎಲ್ಲಿಂದ ಬಂತು, ಎಷ್ಟು ಹಳೆಯದು, ಎಷ್ಟು ಅಲುಗಾಡುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳದಿದ್ದರೆ ಸಿಟ್ಟು ಬರಲೇಬೇಕು. ಲೆಕ್ಕವನ್ನೇ ಬಿಡಿಸಿ ನೋಡೋಣ.

ಪಾಸಿಟಿವಿಟಿ ದರವೆಂದರೆ ನೂರು ಮಂದಿಯನ್ನು ಪರೀಕ್ಷಿಸಿದಾಗ ಎಷ್ಟು ಮಂದಿಗೆ ಸೋಂಕು ಕಂಡಿತು ಎಂಬುದು. ಸೋಂಕಿತರ ಸಂಖ್ಯೆ ಮೇಲೆ, ಪರೀಕ್ಷೆಗಳ ಸಂಖ್ಯೆ ಕೆಳಗೆ. ಶೇ. 5ರ ಗೆರೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಎಳೆಯಿತು: ಸತತ ಎರಡು ವಾರ ಅದಕ್ಕಿಂತ ಕೆಳಗಿದ್ದರೆ ಹರಡುವಿಕೆ ಹತೋಟಿಯಲ್ಲಿದೆ ಎನ್ನಬಹುದು. ಅದರ ಜೊತೆಗೊಂದು ಷರತ್ತೂ ಇತ್ತು. ಶಂಕಿತರನ್ನೆಲ್ಲ ಸರಿಯಾಗಿ ಹುಡುಕಿ ಪರೀಕ್ಷಿಸುತ್ತಿದ್ದರೆ ಮಾತ್ರ ಈ ಗೆರೆಗೆ ಅರ್ಥ. ದೇಶ, ರಾಜ್ಯ, ಜಿಲ್ಲೆ ದಾಟಿ ಬರುವಷ್ಟರಲ್ಲಿ ಷರತ್ತು ಉದುರಿಹೋಗಿ ಐದು ಮಾತ್ರ ಉಳಿಯಿತು.

ಷರತ್ತು ಯಾಕೆ ಮುಖ್ಯ? ಒಂದು ಜಿಲ್ಲೆಯಲ್ಲಿ ವಾರಕ್ಕೆ 10,000 ಪರೀಕ್ಷೆ ನಡೆದು 800 ಪಾಸಿಟಿವ್ ಬಂತೆಂದು ಇಟ್ಟುಕೊಳ್ಳಿ. ದರ ಶೇ. 8. ಮುಂದಿನ ವಾರ ಅದೇ 10,000ದ ಜೊತೆಗೆ ಹಾಸ್ಟೆಲು, ಕಚೇರಿ, ಕಾರ್ಖಾನೆಗಳಲ್ಲಿ ಯಾವ ಲಕ್ಷಣವೂ ಇಲ್ಲದ 8,000 ಮಂದಿಯ ಗಂಟಲ ದ್ರವ ತೆಗೆದರು, ಅವರಲ್ಲಿ ನೂರಕ್ಕೆ ಒಬ್ಬರಿಗೆ ಸೋಂಕು. ಒಟ್ಟು 18,000 ಪರೀಕ್ಷೆ, 880 ಪಾಸಿಟಿವ್, ದರ ಶೇ. 4.9. ಊರಿನಲ್ಲಿ ಕಾಯಿಲೆ ಒಂದಿಷ್ಟೂ ಕಡಿಮೆಯಾಗಿಲ್ಲ, ಪತ್ತೆಯಾದವರು 80 ಮಂದಿ ಹೆಚ್ಚೇ, ಆದರೂ ಜಿಲ್ಲೆ ತೆರೆಯುವ ಪಟ್ಟಿಗೆ ಬಂತು. ಇನ್ನೊಂದು ಜಿಲ್ಲೆ ಜ್ವರ ಬಂದವರನ್ನಷ್ಟೇ ಪರೀಕ್ಷಿಸಿದರೆ ದರ ಏರಿ ಬಾಗಿಲು ಹಾಕಿಕೊಂಡೇ ಇರಬೇಕಾಗುತ್ತದೆ. ಯಾರೂ ಮೋಸ ಮಾಡಬೇಕೆಂದಿಲ್ಲ. ಯಾರನ್ನು ಪರೀಕ್ಷಿಸಿದೆವು ಎಂಬುದೇ ಉತ್ತರವನ್ನು ತಿರುಗಿಸಿಬಿಡುತ್ತದೆ.

ಪರೀಕ್ಷೆಯ ಬಗೆಯೂ ತಿರುಗಿಸುತ್ತದೆ. ಅರ್ಧ ಗಂಟೆಯಲ್ಲಿ ಫಲಿತಾಂಶ ಕೊಡುವ ರ‍್ಯಾಪಿಡ್ ಆಂಟಿಜೆನ್ ಕಿಟ್ ನಿಜವಾದ ಸೋಂಕಿತರಲ್ಲಿ ಶೇ. 50ರಿಂದ 84ರಷ್ಟು ಮಂದಿಯನ್ನು ಮಾತ್ರ ಹಿಡಿಯುತ್ತದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಜೂನ್‌ನಲ್ಲೇ ಹೇಳಿತ್ತು. ಅದಕ್ಕೇ ಲಕ್ಷಣವಿದ್ದೂ ನೆಗೆಟಿವ್ ಬಂದವರಿಗೆ ಮತ್ತೆ ಲ್ಯಾಬಿನ ಆರ್‌ಟಿ–ಪಿಸಿಆರ್ ಪರೀಕ್ಷೆ ಮಾಡಲೇಬೇಕೆಂಬ ನಿಯಮವಿತ್ತು. ಒಟ್ಟು ಪರೀಕ್ಷೆಗಳಲ್ಲಿ ರ‍್ಯಾಪಿಡ್ ಪಾಲು ಹೆಚ್ಚಿದರೆ ದರ ತಾನಾಗಿ ಇಳಿಯುತ್ತದೆ. ಬುಲೆಟಿನ್ನಿನಲ್ಲಿ ಎರಡನ್ನೂ ಒಂದೇ ರಾಶಿಗೆ ಸುರಿದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಪಕ್ಕದ ಕಾಸರಗೋಡಿನವರಿಗೆ ಈ ಜಗಳ ಇನ್ನೂ ಚೆನ್ನಾಗಿ ಗೊತ್ತು. ಕೇರಳ 2021ರ ಜೂನ್‌ನಿಂದ ಪ್ರತಿ ಪಂಚಾಯತನ್ನೂ ಪಾಸಿಟಿವಿಟಿ ನೋಡಿ ನಾಲ್ಕು ವರ್ಗ ಮಾಡಿತು. ವ್ಯಾಪಾರಿಗಳು ಬೀದಿಗಿಳಿದರು. ಆಗಸ್ಟ್‌ನಲ್ಲಿ ಸರ್ಕಾರ ಅಳತೆಯನ್ನೇ ಬದಲಿಸಿ, ವಾರಕ್ಕೆ ಸಾವಿರ ಜನಸಂಖ್ಯೆಗೆ ಹತ್ತಕ್ಕಿಂತ ಹೆಚ್ಚು ಸೋಂಕಿತರಿದ್ದರೆ ಮಾತ್ರ ಬಿಗಿ ಎಂದಿತು. ಕೆಳಗಿನ ಸಂಖ್ಯೆ ಪರೀಕ್ಷೆಯ ಬದಲು ಜನಸಂಖ್ಯೆಯಾದರೆ ಹಾಸ್ಟೆಲಿನ 8,000 ಮಂದಿಯನ್ನು ಸೇರಿಸಿ ದರ ಇಳಿಸಲು ಬರುವುದಿಲ್ಲ. ಅದಕ್ಕೂ ಅದರದೇ ಕೊರತೆ ಇದೆ: ಪರೀಕ್ಷೆ ಕಡಿಮೆ ಮಾಡಿದ ಊರು ಒಳ್ಳೆಯ ಊರಾಗಿ ಕಾಣುತ್ತದೆ.

ಇನ್ನು ಗೆರೆಯ ಅಲುಗಾಟ. ನಿಜವಾದ ದರ ಸರಿಯಾಗಿ ಶೇ. 5 ಇರುವ ಕಡೆ 3,000 ಮಂದಿಯನ್ನು ಪರೀಕ್ಷಿಸಿದರೆ, ಬರೀ ಆಕಸ್ಮಿಕದಿಂದಲೇ ಒಂದು ದಿನ 4.2, ಇನ್ನೊಂದು ದಿನ 5.8 ಬರಬಹುದು. 4.9 ಬಂದ ಜಿಲ್ಲೆಗೂ 5.1 ಬಂದ ಜಿಲ್ಲೆಗೂ ಇರುವ ವ್ಯತ್ಯಾಸ ಕಾಯಿಲೆಯದ್ದೇ ಆಗಬೇಕೆಂದಿಲ್ಲ. ಇಂಥ ಗೆರೆಯನ್ನು ನೋಡಿ ತೆರೆಯುವುದು, ಮುಚ್ಚುವುದು ಎರಡನ್ನೂ ಮಾಡಿದರೆ ಬಾಗಿಲು ವಾರಕ್ಕೊಮ್ಮೆ ಬಡಿದುಕೊಳ್ಳುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕಿನ ಫ್ಲೋಟ್ ಸ್ವಿಚ್ ನೋಡಿ. ನೀರು ತುಂಬಿದಾಗ ಪಂಪು ನಿಲ್ಲುತ್ತದೆ, ಒಂದು ಚೊಂಬು ಇಳಿದ ಕೂಡಲೇ ಮತ್ತೆ ಓಡುವುದಿಲ್ಲ. ಸಾಕಷ್ಟು ಕೆಳಗಿಳಿಯುವ ತನಕ ಕಾಯುತ್ತದೆ, ಇಲ್ಲವಾದರೆ ಮೋಟಾರು ಸುಟ್ಟುಹೋಗುತ್ತದೆ. ನಿರ್ಬಂಧಕ್ಕೂ ಎರಡು ಗೆರೆ ಬೇಕು: ತೆರೆಯಲು ಒಂದು, ಅದಕ್ಕಿಂತ ಬಹಳ ಮೇಲೆ ಮುಚ್ಚಲು ಇನ್ನೊಂದು. ನಡುವೆ ಇದ್ದಾಗ ಇದ್ದ ಹಾಗೆ ಬಿಡಬೇಕು. ಅಂಗಡಿಯವನು ಮಾಲು ತರಿಸಬೇಕೋ ಬೇಡವೋ ಎಂದು ತಿಳಿಯುವುದು ಆಗ.

ಎಲ್ಲಕ್ಕಿಂತ ಹೆಚ್ಚು ಮನಸ್ತಾಪ ತಂದದ್ದು ತಡ. ಡೆಲ್ಟಾ ತಳಿಯಲ್ಲಿ ಸೋಂಕು ತಗಲಿ ಲಕ್ಷಣ ಕಾಣಲು ಸುಮಾರು ನಾಲ್ಕು ದಿನ. ಮೊದಲ ಮಳೆಗೆ ಶೀತವಾಯಿತೆಂದು ಕಷಾಯ ಕುಡಿದು ಕೂರುವುದು ಇನ್ನೆರಡು ಮೂರು ದಿನ. ಮೂಗು–ಗಂಟಲಿನಿಂದ ತೆಗೆದ ದ್ರವದ ಕಡ್ಡಿ ಗುಲಾಬಿ ನೀರಿನಂಥ ದ್ರಾವಣದ ಕೊಳವೆಗೆ ಮುರಿದು ಬೀಳುತ್ತದೆ. ಕೊಳವೆ ಐಸ್ ಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿಯ ತಣ್ಣಗಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಲ್ಯಾಬಿಗೆ ಹೊರಡುತ್ತದೆ. ಅಲ್ಲಿ ಆರ್‌ಎನ್‌ಎ ಬೇರ್ಪಡಿಸಿ, 96 ಗುಳಿಯ ತಟ್ಟೆಗೆ ಹಾಕಿ, ಯಂತ್ರಕ್ಕೆ ಕೊಡಬೇಕು. ಯಂತ್ರದ ಕೆಲಸ ಒಂದೆರಡು ಗಂಟೆಯದು. ದಿನಗಟ್ಟಲೆ ಹಿಡಿಯುವುದು ಸಾಗಣೆ, ಸರದಿ, ಕಂಪ್ಯೂಟರಿಗೆ ಹೆಸರು ತುಂಬಿಸುವ ಕೆಲಸ. ಕೊನೆಗೆ ಏಳು ದಿನದ ಸರಾಸರಿ ತೆಗೆದಾಗ ಇನ್ನೂ ಮೂರು ದಿನ ಹಿಂದಕ್ಕೆ. ಒಟ್ಟು ಹತ್ತರಿಂದ ಹನ್ನೆರಡು ದಿನ. ಜೂನ್ 14ರ ಸಂಖ್ಯೆ ಹೇಳುತ್ತಿದ್ದದ್ದು ಜೂನ್ ಮೊದಲ ವಾರದ ಕಥೆ.

ಅಲೆ ಇಳಿಯುತ್ತಿರುವಾಗ ಈ ತಡದಿಂದಾಗಿ ಸಂಖ್ಯೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ‘ನಮ್ಮ ಬೀದಿಯಲ್ಲಿ ಈಗ ಯಾರಿಗೂ ಜ್ವರವಿಲ್ಲ, ಆದರೂ ಯಾಕೆ ಮುಚ್ಚಿಸುತ್ತೀರಿ’ ಎನ್ನುವ ವ್ಯಾಪಾರಿಯ ಮಾತು ಆಗ ನಿಜ. ಅಲೆ ಏರುವಾಗ ಅದೇ ತಡ ಸಂಖ್ಯೆಯನ್ನು ಕುಗ್ಗಿಸಿ ತೋರಿಸುತ್ತದೆ. ಆರು ದಿನಕ್ಕೊಮ್ಮೆ ಇಮ್ಮಡಿಯಾಗುವ ಸೋಂಕು ಹನ್ನೆರಡು ದಿನದಲ್ಲಿ ನಾಲ್ಕು ಪಟ್ಟಾಗಿರುತ್ತದೆ, ಬುಲೆಟಿನ್ ಇನ್ನೂ ಒಂದರಲ್ಲೇ ಇರುತ್ತದೆ. ಆಗ ‘ಏನೂ ಇಲ್ಲದಿರುವಾಗ ಯಾಕೆ ಬಂದ್’ ಎಂಬ ಪ್ರಶ್ನೆಗೆ ಎದುರು ನಿಂತ ಅಧಿಕಾರಿಯ ಮಾತು ನಿಜ. ಒಂದೇ ತಡ, ಒಮ್ಮೆ ಇವರನ್ನು ಸರಿ ಮಾಡುತ್ತದೆ, ಇನ್ನೊಮ್ಮೆ ಅವರನ್ನು. ಪ್ರತಿ ಆದೇಶದ ತಲೆಯಲ್ಲಿ ‘ಇದು ಇಂಥ ದಿನದ ಸ್ಥಿತಿ’ ಎಂಬ ಒಂದು ಸಾಲು ಬರೆದಿದ್ದರೆ ಎಷ್ಟೋ ವಾಗ್ವಾದ ಮೆತ್ತಗಾಗುತ್ತಿತ್ತು. 2022ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಸರ್ಕಾರ ಆಸ್ಪತ್ರೆಗೆ ದಾಖಲಾಗುವವರ ಪ್ರಮಾಣ ನೋಡಿ ವಾರಾಂತ್ಯದ ಕರ್ಫ್ಯೂ ತೆಗೆಯಿತು. ಆ ಹೊತ್ತಿಗೆ ಅದು ಸರಿಯಾದ ಅಳತೆ. ಆದರೆ ಸೋಂಕು ತಗಲಿದವರು ಆಸ್ಪತ್ರೆ ಸೇರಲು ಇನ್ನಷ್ಟು ದಿನ ಬೇಕು, ಹಾಗಾಗಿ ತಡವೂ ಹೆಚ್ಚು.

ಬೆಳಿಗ್ಗೆ ಆರರಿಂದ ಹತ್ತು ಎಂಬ ನಿಯಮ 2021ರ ಏಪ್ರಿಲ್ 27ಕ್ಕೆ ಬಂತು. ಹೊತ್ತು ಕಡಿಮೆ ಮಾಡಿದರೆ ತಿರುಗಾಟ ಕಡಿಮೆ, ಪೊಲೀಸರಿಗೆ ಕಾಯಲು ಸುಲಭ, ಅದು ಒಪ್ಪತಕ್ಕದ್ದೇ. ಆದರೆ ಅಕ್ಕಿ–ಬೇಳೆಗೆ ಬರುವವರ ಸಂಖ್ಯೆ ಇಳಿಯುವುದಿಲ್ಲ. ದಿನಕ್ಕೆ 240 ಗಿರಾಕಿಗಳಿರುವ ಅಂಗಡಿ, ಒಬ್ಬೊಬ್ಬರಿಗೆ ಆರು ನಿಮಿಷ. ಹನ್ನೆರಡು ಗಂಟೆ ತೆರೆದಿದ್ದರೆ ಯಾವಾಗ ನೋಡಿದರೂ ಸರಾಸರಿ ಇಬ್ಬರು ಒಳಗೆ. ನಾಲ್ಕೇ ಗಂಟೆ ತೆರೆದರೆ ಆರು ಮಂದಿ. ಇಬ್ಬರಿದ್ದಲ್ಲಿ ಎದುರುಬದುರಾಗುವ ಜೋಡಿ ಒಂದು, ಆರು ಮಂದಿ ಇದ್ದಲ್ಲಿ ಹದಿನೈದು. ಗಂಟೆಗಳಿಂದ ಗುಣಿಸಿದರೆ ಹನ್ನೆರಡಕ್ಕೆ ಎದುರಾಗಿ ಅರವತ್ತು. ಉಸಿರು ಹಂಚಿಕೊಳ್ಳುವ ಅವಕಾಶ ಐದು ಪಟ್ಟು ಹೆಚ್ಚಿತು.

ಕರಾವಳಿಯ ಕ್ಯಾಲೆಂಡರ್ ಕೂಡ ಈ ಚರ್ಚೆಯಲ್ಲಿ ಬರಲೇ ಇಲ್ಲ. ಜೂನ್‌ನಲ್ಲಿ ತೆರೆದುಕೊಟ್ಟರೆ ಯಾರಿಗೆ ಸಿಕ್ಕಿತು? ಯಕ್ಷಗಾನ ಮೇಳಗಳ ತಿರುಗಾಟ ತುಳು ಪಂಚಾಂಗದಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಯ ದಿನಕ್ಕೆ ಮುಗಿಯುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಟ್ರಾಲ್ ಬೋಟುಗಳು ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಕಟ್ಟಿಹಾಕಿಯೇ ಇರುತ್ತವೆ. ಜುಲೈ ಮಧ್ಯದಿಂದ ತುಳುವರ ಆಟಿ ತಿಂಗಳು, ಮದುವೆ ಮುಂಜಿ ಇಲ್ಲ. ಏಪ್ರಿಲ್–ಮೇ ಕಳೆದುಕೊಂಡ ವೇಷಧಾರಿಗೆ, ಐಸ್ ಹೊರುವವನಿಗೆ, ಅಡುಗೆಯವರಿಗೆ ಹೋದದ್ದು ಎರಡು ತಿಂಗಳಲ್ಲ, ಮುಂದಿನ ಹಂಗಾಮಿನ ತನಕದ ಸಂಪಾದನೆ. ಬೆಂಗಳೂರಿನ ಹೋಟೆಲಿನ ಲೆಕ್ಕದಲ್ಲಿ ಇದು ಕಾಣುವುದಿಲ್ಲ.

ಯಾವುದನ್ನು ತೆರೆಯಬೇಕೆಂದು ಸರಕಿನ ಪಟ್ಟಿ ನೋಡಿ ತೀರ್ಮಾನಿಸಿದ್ದೇ ಮೂಲದ ತೊಡಕು. ವೈರಸ್ಸಿಗೆ ಅಕ್ಕಿ ಅಂಗಡಿ, ಬಟ್ಟೆ ಅಂಗಡಿ ಎಂಬ ಭೇದವಿಲ್ಲ, ಅದಕ್ಕೆ ಗಾಳಿಯ ಲೆಕ್ಕ ಮಾತ್ರ. ಬಯಲಾಟದಲ್ಲಿ ಗದ್ದೆಗೆ ಚಾಪೆ ಹಾಸಿ ಕೂತ ಪ್ರೇಕ್ಷಕರಿಗಿಂತ, ಸುತ್ತ ಪರದೆ ಕಟ್ಟಿದ ಚೌಕಿಯಲ್ಲಿ ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವ ಕಲಾವಿದರಿಗೆ ಅಪಾಯ ಹೆಚ್ಚು. ಕಂಬಳದ ಗದ್ದೆಗಿಂತ ಕೋಣಗಳ ಜೊತೆಗಾರರು ತುಂಬಿಕೊಂಡು ಬರುವ ಜೀಪಿಗೆ ಹೆಚ್ಚು. ಚೌಕಿಯ ಎರಡು ಬದಿಯ ಪರದೆ ಎತ್ತಿ ಕಟ್ಟಿದ್ದರೆ ಆಟ ನಿಲ್ಲಿಸುವುದಕ್ಕಿಂತ ಎಷ್ಟೋ ಅಗ್ಗವಾಗುತ್ತಿತ್ತು.

ಗಾಳಿಯನ್ನು ಅಳೆಯಬಹುದು. ನಾವು ಬಿಡುವ ಉಸಿರಿನಲ್ಲಿ ಸುಮಾರು ಶೇ. 4 ಇಂಗಾಲದ ಡೈಆಕ್ಸೈಡ್, ಅಂದರೆ ಹತ್ತು ಲಕ್ಷಕ್ಕೆ 40,000 ಪಾಲು. ಹೊರಗಿನ ಗಾಳಿಯಲ್ಲಿ 420ರ ಆಸುಪಾಸು. ಅದನ್ನು ಅಳೆಯುವ ಮೀಟರು ಕೋಣೆಯಲ್ಲಿ 2,400 ತೋರಿಸಿದರೆ ನೀವು ಎಳೆದುಕೊಳ್ಳುವ ಗಾಳಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಆಗಲೇ ಯಾರದೋ ಎದೆಯೊಳಗೆ ಹೋಗಿಬಂದದ್ದು. ಜೂನ್‌ನ ಮಳೆಗೆ ಕಿಟಕಿ ಎಳೆದುಕೊಂಡ ಸಿಟಿ ಬಸ್ಸನ್ನು ತೆಗೆದುಕೊಳ್ಳಿ. ಒಳಗೆ ಸುಮಾರು 30 ಘನ ಮೀಟರ್ ಗಾಳಿ, 40 ಜನ, ಒಬ್ಬೊಬ್ಬರು ಗಂಟೆಗೆ 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಪೂರ್ತಿ ಮುಚ್ಚಿದ್ದರೆ ನಿಮಿಷಕ್ಕೆ 400ರಂತೆ ಏರಿ ಐದೇ ನಿಮಿಷದಲ್ಲಿ 2,400 ಮುಟ್ಟುತ್ತದೆ. ಅರ್ಧ ಸೀಟು ಖಾಲಿ ಬಿಟ್ಟರೆ ಹತ್ತು ನಿಮಿಷದಲ್ಲಿ. ಅರ್ಧ ಸೀಟಿನ ನಿಯಮ ಕೊಂಡುಕೊಟ್ಟದ್ದು ಐದು ನಿಮಿಷ, ಬಸ್ಸಿನವರು ತೆತ್ತದ್ದು ಅರ್ಧ ಕಲೆಕ್ಷನ್. ಬಾಗಿಲು ತೆರೆದಿಟ್ಟು ಹಿಂದಿನ ಎರಡು ಬದಿಯ ಕಿಟಕಿಗಳನ್ನು ನಾಲ್ಕು ಬೆರಳು ಸರಿಸಿದರೆ ಓಡುವ ಬಸ್ಸಿನಲ್ಲಿ ಗಾಳಿ ತಾನೇ ಎಳೆದುಕೊಳ್ಳುತ್ತದೆ. ಆ ಸೀಟಿನವರು ಒಂದಿಷ್ಟು ಒದ್ದೆಯಾಗುತ್ತಾರೆ.

ತರಗತಿಯ ಲೆಕ್ಕವೂ ಇದೇ. ಏಳು ಮೀಟರ್ ಉದ್ದ, ಆರು ಅಗಲ, ಮೂರು ಎತ್ತರದ ಕೋಣೆಯಲ್ಲಿ 40 ಮಕ್ಕಳಿಗೆ ಒಬ್ಬರಿಗೆ ಸೆಕೆಂಡಿಗೆ ಹತ್ತು ಲೀಟರಿನಂತೆ ಹೊಸ ಗಾಳಿ ಬೇಕೆಂದರೆ ಗಂಟೆಗೆ 1,440 ಘನ ಮೀಟರ್. ಇಷ್ಟಾದರೆ ಮೀಟರು 900ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸೀಲಿಂಗ್ ಫ್ಯಾನು ಇದ್ದ ಗಾಳಿಯನ್ನು ಕಲಕುತ್ತದೆ, ಹೊಸದನ್ನು ತರುವುದಿಲ್ಲ. ಸ್ಪ್ಲಿಟ್ ಎಸಿಯೂ ತರುವುದಿಲ್ಲ. ಮಳೆಗಾಳಿ ಬಡಿಯುವುದು ಪಡುವಲಿನಿಂದ. ಹಾಗಾಗಿ ಮೂಡು ಬದಿಯ ಕಿಟಕಿಗಳನ್ನು ಪೂರ್ತಿ ತೆರೆದು, ಆ ಕಿಟಕಿಗಳಿಂದ ದೂರದ ಗೋಡೆಯ ಮೇಲ್ಭಾಗದಲ್ಲಿ ಹನ್ನೆರಡು ಇಂಚಿನ ಎಕ್ಸಾಸ್ಟ್ ಫ್ಯಾನು ಎರಡು ಹಾಕಿ, ಎದುರಿನ ಬಾಗಿಲನ್ನು ಒಳಗಾಳಿಗೆ ಬಿಡಬೇಕು. ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದರೆ ಗಾಳಿ ಅಲ್ಲಿಂದಲ್ಲೇ ಸುತ್ತು ಹೊಡೆದು ಹೊರಹೋಗುತ್ತದೆ, ಮೂಲೆಯ ಬೆಂಚಿಗೆ ಏನೂ ತಲುಪುವುದಿಲ್ಲ. ಮೀಟರು ಕೊಳ್ಳುವಾಗ ಅವಗೆಂಪು (ಇನ್‌ಫ್ರಾರೆಡ್) ಬೆಳಕಿನಿಂದ ಅಳೆಯುವುದನ್ನೇ ಕೇಳಿ. ಅಗ್ಗದ ಕೆಲವು ಮೀಟರುಗಳು ಸ್ಯಾನಿಟೈಸರಿನ ವಾಸನೆಗೇ ಸಂಖ್ಯೆ ಏರಿಸುತ್ತವೆ. ಮೊದಲು ಅಂಗಳದಲ್ಲಿಟ್ಟು 420ರ ಹತ್ತಿರ ಬರುತ್ತದೆಯೇ ನೋಡಿ, ಆಮೇಲೆ ಮಕ್ಕಳು ಕೂತ ಎತ್ತರದಲ್ಲಿ, ಮುಖದಿಂದ ಒಂದು ಮೀಟರಾದರೂ ದೂರದಲ್ಲಿ, ಪಾಠ ಶುರುವಾಗಿ ಅರ್ಧ ಗಂಟೆಯ ಮೇಲೆ ಓದಬೇಕು.

ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಇಟ್ಟ ಮೇಲೆ ಕಟ್ಟಿದ ಹಳೆಯ ಶಾಲೆಗಳ ಮಾಡು ಎತ್ತರ, ಹಂಚಿನ ಸಂದುಗಳಲ್ಲಿ ಬಿಸಿ ಗಾಳಿ ಮೇಲೆದ್ದು ಹೊರಹೋಗುತ್ತದೆ. ಅಂಥ ಕೋಣೆಯಲ್ಲಿ ಕಿಟಕಿ ಅರೆಬರೆ ಮುಚ್ಚಿದ್ದರೂ ಮೀಟರು ಬೇಗ ಏರುವುದಿಲ್ಲ. ಚಂದಕ್ಕೆಂದು ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಿದವರು ಅದರಲ್ಲಿ ಎರಡು ಹಲಗೆಯಾದರೂ ಬಿಚ್ಚಿಡಲಿ.